ಛೀಯಮ್ಮನ ಮೂಗು

ಬೆಳಕು ಹರಿಯುವ ಮೊದಲೇ ಗೋಡೆಯಾಚೆಯ ಮನೆಯವನು ಗಂಟಲು ಕೆರೆಯುತ್ತಾನೆ. ಕೆರೆದು, ಎಳೆದು, ಒಂದು ಗಳಿಗೆ ಬಾಯಲ್ಲೇ ಇಟ್ಟುಕೊಂಡು, ಆಮೇಲೆ ಚರಂಡಿಗೆ ಉಗಿಯುತ್ತಾನೆ. ನಡುವಿನ ಆ ಒಂದು ಗಳಿಗೆಯ ಮೌನವೇ ಅವಳಿಗೆ ಎಲ್ಲಕ್ಕಿಂತ ಅಸಹ್ಯ. ಹಾಸಿಗೆಯಲ್ಲೇ ಮುಖ ಕಿವುಚಿ "ಛೀ" ಅನ್ನುತ್ತಾಳೆ. ಅವಳ ದಿನ ಶುರುವಾಗುವುದು ಹಾಗೆ.

ಹಳೆ ಕಾರುಗಳ ಒಳಮೈಗೆ ಬಣ್ಣ ಹಚ್ಚುವುದು ಅವಳ ಕೆಲಸ. ಬಿಸಿಲಿಗೆ ಬಿಳಿಚಿಕೊಂಡ ಡ್ಯಾಶ್‌ಬೋರ್ಡು, ಮೊಣಕೈ ಉಜ್ಜಿ ಉಜ್ಜಿ ಜಿಡ್ಡುಗಟ್ಟಿದ ಬಾಗಿಲಿನ ಒಳಹಲಗೆ, ಬಣ್ಣಗೆಟ್ಟ ರೆಕ್ಸಿನ್ನು, ಇವೆಲ್ಲ ಅವಳ ಪಾಲು. ಶೆಡ್ಡು ಮೈದುನನದು. ಅವನು ಅತ್ತಿಗೆ ಅನ್ನುವುದರಿಂದ ಅಲ್ಲಿ ಎಲ್ಲರಿಗೂ ಅವಳು ಅತ್ತಿಗೆಯೇ, ವಯಸ್ಸಿನಲ್ಲಿ ದೊಡ್ಡವನಾದ ತಗಡು ಬಡಿಯುವ ಮೇಸ್ತ್ರಿಗೂ. ಬೆನ್ನ ಹಿಂದೆ ಮಾತ್ರ ಛೀಯಮ್ಮ. ಅದು ಅವಳಿಗೂ ಗೊತ್ತು.

"ನಿಮ್ಮ ಬಾಯಲ್ಲಿ ಇನ್ನೊಂದು ಅಕ್ಷರ ಇಲ್ವಾ ಅತ್ತಿಗೆ?" ಎಂದು ಮೇಸ್ತ್ರಿ ಒಮ್ಮೆ ಕೇಳಿದ್ದ.

"ಇದೆ. ಥೂ."

ಅವಳನ್ನು ದೂರುವಂತಿಲ್ಲ. ಒಂದು ಸೀಟು ಬಿಚ್ಚಿದರೆ ಸಾಕು, ಮನುಷ್ಯರ ಮೇಲಿನ ಗೌರವ ಅರ್ಧ ಇಳಿಯುತ್ತದೆ. ಇಸ್ತ್ರಿ ಬಟ್ಟೆಯಲ್ಲಿ ಇಳಿದುಹೋದವರ ಸೀಟಿನ ಸಂದಿಯಲ್ಲಿ ಕಚ್ಚಿ ಉಗುಳಿದ ಉಗುರು. ಹೊಲಿಗೆಯ ಗೆರೆಯಲ್ಲಿ ಒಣಗಿ ಪುಡಿಯಾದ ವಾಂತಿ. ತಲೆ ಆನಿಸುವ ಕಡೆ ವರ್ಷಗಳ ಎಣ್ಣೆ, ಅದಕ್ಕೆ ಕೂತ ಧೂಳು, ಧೂಳಿಗೆ ಅಂಟಿದ ಕೂದಲು. ಸ್ಟಿಯರಿಂಗಿನ ಕೆಳಗೆ, ಯಾರಿಗೂ ಕಾಣದ ಅಂಚಿನಲ್ಲಿ, ಮೂಗಿನಿಂದ ತೆಗೆದು ಒರೆಸಿದ್ದು. ದೊಡ್ಡವರೇ ಒರೆಸಿದ್ದು, ಮಕ್ಕಳಿಗೆ ಆ ಜಾಗ ಗೊತ್ತೇ ಇರುವುದಿಲ್ಲ.

ಇದನ್ನೆಲ್ಲ ಅವಳು ಸೋಪು ನೀರಲ್ಲಿ, ಬ್ರಷ್ಷಲ್ಲಿ, ಮೂಗಿನ ಸಾಕ್ಷಿಯಾಗಿ ತೊಳೆಯುತ್ತಾಳೆ. ಕಣ್ಣಿಗೆ ಚೊಕ್ಕಟವಾದರೆ ಸಾಲದು. ಹಲಗೆಯನ್ನು ಮುಖದ ಹತ್ತಿರ ಹಿಡಿದು ಮೂಸುತ್ತಾಳೆ. ಏನೂ ವಾಸನೆ ಬರದಿದ್ದರೆ ಮಾತ್ರ ಮುಖಕ್ಕೆ ದಪ್ಪ ಮಾಸ್ಕು ಬಿಗಿದು, ಸ್ಪಿರಿಟ್‌ನಲ್ಲಿ ಒರೆಸಿ, ಹಲಗೆಯನ್ನು ಮೇಜಿನ ಮೇಲೆ ಇಡುತ್ತಾಳೆ. ಆಮೇಲೆ ಹಿತ್ತಲಿಗೆ ಹೋಗಿ ಬಿಸಿಲಲ್ಲಿ ಬಣ್ಣ ಬೆರೆಸುತ್ತಾಳೆ, ಟ್ಯೂಬ್‌ಲೈಟು ಬಣ್ಣದ ವಿಷಯದಲ್ಲಿ ಸುಳ್ಳು ಹೇಳುತ್ತದೆ ಎಂದು. ಬಂದು ತೆಳ್ಳಗೆ ಸಿಂಪಡಿಸಿ, ಆರಲು ಬಿಟ್ಟು, ಮತ್ತೆ ತೆಳ್ಳಗೆ. ಕೊನೆಯ ಪದರ ಆರುವವರೆಗೂ ಮಾಸ್ಕು ತೆಗೆಯುವುದಿಲ್ಲ. ಅವಳು ಬಣ್ಣ ಹಚ್ಚಿದ ಕಾರು ವಾಪಸು ಬಂದದ್ದೇ ಇಲ್ಲ.

ಈ ಚಳಿಗಾಲದಿಂದ ಬರತೊಡಗಿದವು.

ಮೊದಲು ಬಂದ ಹೆಂಗಸು ತೋಳು ಮುಂದೆ ಚಾಚಿ ತೋರಿಸಿದಳು. ಬೆವರಿಗೆ ಅಂಟಿ ಬಂದ ಬಣ್ಣದ ಸಿಪ್ಪೆ, ಹಳೇ ಹುಣ್ಣಿನ ಹೊಪ್ಪಳೆಯ ಹಾಗೆ. ಇನ್ನೊಬ್ಬನ ಡ್ಯಾಶ್‌ಬೋರ್ಡು ಹಾವು ಪೊರೆ ಬಿಟ್ಟಂತೆ ಸುಲಿದಿತ್ತು. ಮತ್ತೊಂದು ಹಲಗೆ ಶೆಡ್ಡಿನಲ್ಲೇ, ಅವಳ ಕಣ್ಣೆದುರೇ, ಮೀನಿನ ಕಣ್ಣಿನಂಥ ಗುಳಿಗಳನ್ನು ಬಿಟ್ಟುಕೊಂಡಿತು. ಎಣ್ಣೆ ಸವರಿದ ಕಾವಲಿಯ ಮೇಲೆ ನೀರು ಚಿಮುಕಿಸಿದ ಹಾಗೆ ಬಣ್ಣ ದೂರ ದೂರ ಸರಿದು ನಿಂತಿತು. ಅವಳು ಡಬ್ಬಿ ಬದಲಾಯಿಸಿದಳು, ಸೋಪು ಬದಲಾಯಿಸಿದಳು, ಕೊನೆಗೆ ತನ್ನ ಕೈಯನ್ನೇ ಅನುಮಾನಿಸಿ ಗ್ಲೌಸು ಹಾಕಿದಳು. ರಾತ್ರಿ ಕಣ್ಣು ಮುಚ್ಚಿದರೆ ಸಿಪ್ಪೆಯೇ.

ಮೈದುನ ಮೆತ್ತಗಿನವನಲ್ಲ, ಕೆಟ್ಟವನೂ ಅಲ್ಲ. "ಅತ್ತಿಗೆ, ಸ್ಪ್ರೇ ಮಾಡೋನೊಬ್ಬನಿಗೆ ಹೇಳಿಟ್ಟಿದೀನಿ. ಈ ಕಾರಿನ ಬಾಗಿಲು ಸರಿಯಾದ್ರೆ ಅವನನ್ನ ಬೇಡ ಅಂತೀನಿ. ಇಲ್ಲಾಂದ್ರೆ ನೀವು ಬರೀ ತೊಳ್ಕೊಡಿ, ಬಣ್ಣ ಅವನು ನೋಡ್ಕೋತಾನೆ" ಅಂದ.

ಬರೀ ತೊಳೆಯುವುದು. ಲೋಕದ ಮೂಗೊರೆಸಿ ಕೊಡುವುದು. ಹೊಸದಾಗಿ ಕಾಣುವ ಹೊತ್ತಿಗೆ ಇನ್ನೊಬ್ಬನ ಕೈಗೆ ದಾಟಿಸುವುದು. ಅವಳು ಅಂದು ಒಂದೇ ಹಲಗೆಯನ್ನು ಮೂರು ನೀರಲ್ಲಿ ತೊಳೆದಳು.

ಅವಳ ಗಂಡ ಶೆಡ್ಡಿನ ಮೂಲೆಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಇಡೀ ಆಯುಷ್ಯ ಒಬ್ಬರೇ ಯಜಮಾನರ ಕಾರು ಓಡಿಸಿದವನು. ಅವರ ಮಕ್ಕಳು ಕಾರು ಮಾರಿದ ಮೇಲೆ, ಈ ಚಳಿಗಾಲದಿಂದ, ತಮ್ಮನ ಶೆಡ್ಡಿಗೆ ಬಂದು ಕೂರುತ್ತಾನೆ. ಮಧ್ಯಾಹ್ನ ಮನೆಗೆ ಹೋಗಿ ಕೈಕಾಲು ತೊಳೆದು ಉಂಡು ಮಲಗುತ್ತಾನೆ. ಅಂದು ಹೋಗಲಿಲ್ಲ. ಹೆಂಡತಿಯ ಪರೀಕ್ಷೆ ಅಂತ ಉಳಿದುಕೊಂಡ.

"ನೀರು ಕುಡಿ. ಬೆಳಗ್ಗೆಯಿಂದ ಬಾಯಿ ಒಣಗಿಸ್ಕೊಂಡಿದೀಯ" ಎಂದು, ಅವಳು ಮೊದಲ ಪದರ ಸಿಂಪಡಿಸಿದ ಮೇಲೆ, ಲೋಟ ತಂದುಕೊಟ್ಟ. ಅವನ ಒತ್ತಾಯಕ್ಕೆ ಅವಳು ಮಾಸ್ಕು ಕೊಂಚ ಸರಿಸಿದಳು.

ಲೋಟ ತುಟಿಗೆ ತಾಗುವ ಮೊದಲೇ ಮೂಗು ನಿಂತಿತು. ಅಂಚಿನಲ್ಲಿ, ಅವನ ಹೆಬ್ಬೆಟ್ಟು ಕೂತಿದ್ದ ಕಡೆ, ಯಾವ ಮರದಲ್ಲೂ ಬಿಡದ ಹಣ್ಣಿನ ವಾಸನೆ. ಸಿಹಿ, ಜಿಡ್ಡು, ಗಂಟಲ ಹಿಂದೆ ಅಂಟಿಕೊಳ್ಳುವಂಥದ್ದು. ಆ ವಾಸನೆ ಅವಳಿಗೆ ಗೊತ್ತು: ಕಾರಿನ ಒಳಗೆ ಫಳಫಳ ಹೊಳೆಯಲಿ ಅಂತ ಸವರುವ ಪಾಲಿಶ್ಶು. ಅದು ಕೂತ ಕಡೆ ಬಣ್ಣ ಈ ಜನ್ಮಕ್ಕೆ ಹಿಡಿಯುವುದಿಲ್ಲ.

ಹಲಗೆಯತ್ತ ನೋಡಿದಳು. ಒಂದು ಗುಳಿ ತೆರೆದುಕೊಂಡಿತ್ತು. ಪಕ್ಕದಲ್ಲಿ ಇನ್ನೊಂದು.

"ಜೇಬಲ್ಲಿ ಏನಿದೆ?"

"ಏನಿರುತ್ತೆ? ಬಟ್ಟೆ."

"ಕೊಡಿ."

ಹಳದಿ ಬಟ್ಟೆ. ನಾಲ್ಕಾಗಿ ಮಡಚಿದ್ದು, ವರ್ಷಗಳ ಪಾಲಿಶ್ಶು ಕುಡಿದದ್ದು. ಯಜಮಾನರ ಕಾರಿನಿಂದ ಅವನು ತಂದ ಒಂದೇ ವಸ್ತು. ಅವಳು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದಳು.

"ನಾನು ಬಣ್ಣ ಬೆರೆಸೋಕೆ ಹಿತ್ತಲಿಗೆ ಹೋದಾಗ ಒರೆಸ್ತೀರಾ?"

"ಒಂದು ಕೈ ಅಷ್ಟೇ" ಅಂದ ಅವನು, ಮೆಚ್ಚುಗೆ ಕಾಯುವವನ ಹಾಗೆ. "ನೀನು ತೊಳೆದಿಟ್ರೆ ಸತ್ತ ಹಾಗೆ ಕಾಣುತ್ತಲ್ಲ, ಮಂಕಾಗಿ. ಜೀವ ಬರಲಿ ಅಂತ. ಯಜಮಾನ್ರು ಯಾವಾಗ್ಲೂ ಹೇಳೋರು, ನಿನ್ನ ಕೈ ಬಿದ್ರೆ ಗಾಡಿ ಕನ್ನಡಿ ಕಣಯ್ಯ ಅಂತ."

ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ಓಕರಿಕೆ. ಆ ಕೈ ಈ ಚಳಿಗಾಲವಿಡೀ ಮನೆಯಲ್ಲಿ ಅವಳಿಗೆ ಲೋಟ ಕೊಟ್ಟಿದೆ, ಬಾಗಿಲು ತೆರೆದಿದೆ, ಜ್ವರ ಬಂದಾಗ ಹಣೆ ಮುಟ್ಟಿದೆ. ಅದರ ತುಂಬ ಈ ಜಿಡ್ಡು. ಒಳ್ಳೆಯ ಮನಸ್ಸಿಗೂ ಇಂಥದೊಂದು ಜಿಡ್ಡು ಇರುತ್ತದೆಂದು ಅವಳು ನೆನೆಸಿರಲಿಲ್ಲ.

ಆಗಲೇ ಮೈದುನ ಬಂದ. ಹಲಗೆಗೆ ಬಗ್ಗಿದ. ಮೇಸ್ತ್ರಿ ಸುತ್ತಿಗೆ ನಿಲ್ಲಿಸಿದ.

"ಮತ್ತೆ ಗುಳಿ" ಅಂದ ಮೈದುನ. ದನಿಯಲ್ಲಿ ಬೇಸರ ಮಾತ್ರವಿತ್ತು. "ಏನತ್ತಿಗೆ ಇದು?"

ಗಂಡ ಅವಳನ್ನು ನೋಡಿದ. ಅವಳು ಗುಳಿಗಳನ್ನು ನೋಡುತ್ತಿದ್ದ ರೀತಿಯಲ್ಲೇ ಇದು ತನ್ನ ಬಟ್ಟೆಯ ಕೆಲಸವೆಂದು ಅವನಿಗೆ ಅರ್ಥವಾಗಿತ್ತು. ಮುಖ ಆ ಹಲಗೆಗಿಂತ ಮಂಕಾಯಿತು. ಹೇಳಿದರೆ ಅವನಿಗೆ ಉಳಿದಿರುವ ಒಂದು ಸ್ಟೂಲೂ ಹೋಗುತ್ತದೆ. ಹೇಳದಿದ್ದರೆ ಅವಳ ಬಣ್ಣ ಹೋಗುತ್ತದೆ. ಸುಮ್ಮನಿರಬಹುದಿತ್ತು. ಆದರೆ ಕೊಳೆಯ ಮೇಲೆ ಬಣ್ಣ ಹಚ್ಚುವುದು ಅವಳಿಗೆ ಯಾವತ್ತೂ ಬಂದಿಲ್ಲ.

"ನಿಮ್ಮಣ್ಣನ ಕೈ ಮೂಸಿ ನೋಡು."

ಮೈದುನ ನಿಜವಾಗಿಯೂ ಅಣ್ಣನ ಕೈ ಎತ್ತಿ ಮೂಸಿದ. ಹಳದಿ ಬಟ್ಟೆ ನೋಡಿದ. ಅವನಿಗೆ ನಗು ಬಂತು, ತಡೆದುಕೊಂಡ, ಮೇಸ್ತ್ರಿ ತಡೆಯಲಿಲ್ಲ.

"ಇಡೀ ಶೆಡ್ಡು ಹುಡುಕಿದ ಕಳ್ಳ ಸ್ಟೂಲ್ ಮೇಲೇ ಕೂತಿದ್ದನಲ್ಲಪ್ಪ" ಅಂದ ಮೇಸ್ತ್ರಿ.

ಆ ನಗು ಅವಳಿಗೆ ಪಕ್ಕದ ಮನೆಯವನ ಕ್ಯಾಕರಿಕೆಗಿಂತ ಹೇಸಿಗೆಯಾಗಿ ಕೇಳಿಸಿತು.

"ಅಣ್ಣ, ಬೇಜಾರು ಮಾಡ್ಕೋಬೇಡ" ಎಂದು ಮೈದುನ ಗಂಟಲು ಸರಿ ಮಾಡಿಕೊಂಡ. "ಸ್ಪ್ರೇಯವನಿಗೆ ಬೇಡ ಅಂತ ಹೇಳ್ತೀನಿ, ಅದು ಸರಿ. ಆದ್ರೆ ನಾಳೆಯಿಂದ ನೀನು ಮನೆಯಲ್ಲೇ..."

"ಯಾರೂ ಮನೇಲಿ ಕೂರಲ್ಲ" ಅಂದಳು ಅವಳು. ಹಳದಿ ಬಟ್ಟೆಯನ್ನು ಥಿನ್ನರು ಒರೆಸಿದ ಚಿಂದಿಗಳ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದಳು.

"ತೊಳೆಯೋಕೆ ನೀರು ಹೊಯ್ಯೋರು ಬೇಕು ನನಗೆ. ಥೂ, ಆ ಕೈ ಇಟ್ಕೊಂಡು ಹತ್ರ ಬರಬೇಡಿ." ಗುಳಿಬಿದ್ದ ಹಲಗೆಯನ್ನು ಎತ್ತಿ ಸೊಂಟಕ್ಕೆ ಆನಿಸಿಕೊಂಡು ಹಿತ್ತಲ ಕಡೆ ತಿರುಗಿದಳು. "ಮೊದಲು ಸೋಪು ಹಾಕಿ ತೊಳ್ಕೊಳ್ಳಿ. ಉಗುರಿನ ಸಂದಿ ಬಿಡಬೇಡಿ. ನಾನು ಮೂಸಿ ನೋಡ್ತೀನಿ. ಆಮೇಲೆ ನಲ್ಲಿ ತಿರುಗಿಸಿ, ಆ ದೊಡ್ಡ ಬಕೆಟ್ಟಲ್ಲಿ ನೀರು ಹಿಡಿದು ತನ್ನಿ. ಇದನ್ನ ಮತ್ತೆ ಮೊದಲಿಂದ ತೊಳೀಬೇಕು."