ಕಲೆಯಿಲ್ಲದ ಹಿತ್ತಾಳೆ ಟೋಪಿ

ಎರಡು ವರ್ಷದ ಹಿಂದಿನ ಡಿಸೆಂಬರ್. ಬೀದರ್‌ನಲ್ಲಿ ನನ್ನ ಸ್ವಂತ ಅಂಗಡಿ. ಭಾಲ್ಕಿ, ಔರಾದ್‌ವರೆಗೂ ಹೀಟ್ ಪಂಪ್ ದುರಸ್ತಿಗೆ ಹೋಗುತ್ತಿದ್ದೆ. ಹೀಟ್ ಪಂಪ್ ಅಂದರೆ ಫ್ರಿಜ್‌ನ ಕೆಲಸವನ್ನೇ ತಿರುವಿ ಮಾಡುವ ಯಂತ್ರ. ಹೊರಗಿನ ಗಾಳಿಯ ಶಾಖ ಎಳೆದು ನೀರು ಕಾಯಿಸುತ್ತದೆ. ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಆದರೂ ನಾನು ಮುಟ್ಟಿದ ಯಂತ್ರದ ಮೇಲೆ ದೂರು ಬಂದಿರಲಿಲ್ಲ. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ.

ಹಿಂದೊಮ್ಮೆ ನಾನೇ ಸರ್ವಿಸ್ ಮಾಡಿದ್ದ ಭಾಲ್ಕಿಯ ಒಂದು ಹೆಣ್ಣುಮಕ್ಕಳ ವಸತಿನಿಲಯದಿಂದ ಕರೆ ಬಂತು. ನೀರು ಸರಿಯಾಗಿ ಕಾಯುತ್ತಿಲ್ಲವೆಂದು ಹಿಂದಿನ ದಿನವೇ ಯಂತ್ರ ಬಂದ್ ಮಾಡಿದ್ದರು. ಯಂತ್ರವಿದ್ದದ್ದು ಅಡುಗೆಮನೆಯ ಕಿಟಕಿಯ ಕೆಳಗೆ. ಒಳಗೆ ಎರಡು ದೊಡ್ಡ ಒಲೆ ಉರಿಯುತ್ತಿದ್ದವು. ಪೈಪಿನ ಒಂದು ಜೋಡಣೆಯಲ್ಲಿ ಎಣ್ಣೆಯ ಪಸೆ ಕಂಡಿತು, ಅಂದರೆ ಗ್ಯಾಸ್ ಸೋರಿದೆ. ಬೆಸುಗೆಯ ಬೆಂಕಿ ಟಾರ್ಚ್ ಹಚ್ಚಿ ಬೆಸೆದು ಹೊಸ ಗ್ಯಾಸ್ ತುಂಬಿದರೆ ಮುಗಿಯುವ ಕೆಲಸ.

ಟಾರ್ಚ್‌ಗಿಂತ ಮೊದಲು ಒತ್ತಡ ನೋಡುವ ಗೇಜ್. ಸರ್ವಿಸ್ ವಾಲ್ವ್ ಯಂತ್ರದೊಳಗಿನ ಗ್ಯಾಸಿಗೆ ಇರುವ ಬಾಗಿಲು. ಅದರ ಮೇಲೆ ಹಿತ್ತಾಳೆಯ ಟೋಪಿ. ಕನ್ನಡಕ, ಕೈಗವಸು ಹಾಕಿ, ಮುಖ ಪಕ್ಕಕ್ಕೆ ಇಟ್ಟು, ನಿಧಾನವಾಗಿ ತೆರೆದೆ. ಯಂತ್ರದ ಫಲಕದ ಮೇಲೆ R-134a ಅಂತಿತ್ತು, ಬೆಂಕಿ ಹತ್ತದ ಗ್ಯಾಸ್. ಥರ್ಮಾಮೀಟರ್ ಇಪ್ಪತ್ತೈದು ಡಿಗ್ರಿ. ನಿಂತ ಯಂತ್ರದಲ್ಲಿ ಈ ಗ್ಯಾಸಿನ ಒತ್ತಡ ಎಂಬತ್ತೆರಡು ಪಿಎಸ್ಐ ದಾಟಬಾರದು. ಗೇಜ್ ಹಚ್ಚಿದರೆ ಮುಳ್ಳು ನೂರಾ ಹತ್ತಕ್ಕೆ ನಿಂತಿತು.

ಸೋರಿದ ಯಂತ್ರದಲ್ಲಿ ಒತ್ತಡ ಹೆಚ್ಚು ಹೇಗೆ? ಮೊದಲು ಗೇಜಿನ ಮೇಲೇ ಅನುಮಾನ ಬಂತು. ಅದೇ ಗ್ಯಾಸಿನ ನನ್ನ ಸಿಲಿಂಡರನ್ನು ಅದೇ ನೆರಳಲ್ಲಿ ಒಂದು ತಾಸು ಇಟ್ಟು ಗೇಜ್ ಹಚ್ಚಿದೆ. ಸರಿಯಾಗಿ ಎಂಬತ್ತೆರಡು. ಹಾಗಾದರೆ ಯಂತ್ರದೊಳಗೆ ಗಾಳಿ ಸೇರಿರಬೇಕು, ಇಲ್ಲವೇ ಬೇರೆ ಏನೋ. ಮತ್ತೆ ಯಂತ್ರಕ್ಕೆ ಹಚ್ಚಿ, ವಾಲ್ವ್ ಮುಚ್ಚಿ ಗೇಜಿನ ಹೋಸ್ ಕಳಚಿದಾಗ ತುದಿಯಲ್ಲಿ ಉಳಿದ ಚೂರು ಗ್ಯಾಸ್ ಹೊರಬಂತು. ವಾಸನೆ ಎಲ್ಲರಿಗೂ ಗೊತ್ತಿರುವುದೇ, ಅಡುಗೆ ಗ್ಯಾಸ್!

ಟಾರ್ಚ್ ಹಚ್ಚಿದ್ದರೆ ನಾನೂ ಇರುತ್ತಿರಲಿಲ್ಲ, ಕಿಟಕಿಯೊಳಗೆ ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಗಳೂ ಇರುತ್ತಿರಲಿಲ್ಲ. ಒಲೆ ಆರಿಸಲು ಹೇಳಿದೆ, ಯಂತ್ರದ ಕರೆಂಟ್ ಮೇನ್‌ನಲ್ಲೇ ತೆಗೆಸಿದೆ.

ವಾರ್ಡನ್ ಸುಮಿತ್ರಾಬಾಯಿ ಆ ತಿಂಗಳಷ್ಟೇ ಬಂದವರು. ಯಂತ್ರದಲ್ಲಿ ಅಡುಗೆ ಗ್ಯಾಸ್ ಇದೆಯೆಂದು ಹೇಳಿ ಕಳಿಸಿದ್ದೇ, ದುರಸ್ತಿಗೆ ಬಂದವರ ಹೆಸರು ಬರೆಯುವ ರಜಿಸ್ಟರ್ ಹಿಡಿದುಕೊಂಡೇ ಬಂದರು.

“ಮಿಸ್ತ್ರಿ, ಇದರಾಗ ನಿಮ್ಮ ಹೆಸರು ಬಿಟ್ರ ಯಾರ ಹೆಸರೂ ಇಲ್ರಿ. ಹಾಕಿದವ್ರು ನೀವ, ಈಗ ಹೆದರ್ಸಾವ್ರೂ ನೀವ ಏನ್ರಿ?”

“ನಾ ಹಾಕಿಲ್ರಿ ಬಾಯಿ.”

“ಹಂಗಾದ್ರ ದೆವ್ವ ಬಂದು ತುಂಬಿತೇನ್ರಿ?”

ಉತ್ತರ ಕೊಡಲು ಟೋಪಿ ಕೈಗೆತ್ತಿಕೊಂಡೆ. ಬೇರೆಯವರು ಇಕ್ಕಳ ಹಚ್ಚಿ ಬಿಚ್ಚಿದ್ದರೆ ಹಿತ್ತಾಳೆಯ ಮೇಲೆ ಹಲ್ಲಿನ ಗುರುತು ಬಿದ್ದಿರುತ್ತದೆ. ಟೋಪಿ ಕನ್ನಡಿಯಂತೆ ನುಣುಪಾಗಿತ್ತು. ಹಳೆ ಬಟ್ಟೆಯ ಪಟ್ಟಿ ಸುತ್ತಿ ಟೋಪಿ ಬಿಚ್ಚುವವನು ನಾನೊಬ್ಬ. ನನಗೆ ಅದನ್ನು ಕಲಿಸಿದವರು ಇನ್ನೊಬ್ಬರು. ಮೂರನೆಯವನನ್ನು ನಾನು ನೋಡಿಲ್ಲ. ಟೋಪಿಯನ್ನು ಜೇಬಿಗೆ ಹಾಕಿಕೊಂಡೆ. ಸುಮಿತ್ರಾಬಾಯಿ ಅದನ್ನೇ ತಪ್ಪೊಪ್ಪಿಗೆ ಅಂದುಕೊಂಡರು. “ನಾಳಿ ತನಕ ಟೈಮ್ ಕೊಡ್ತೇನಿ. ಆಮೇಲ ಕಮಿಟಿಗೆ ಹೇಳ್ತೇನಿ” ಎಂದರು.

ಬೀದರ್‌ಗೆ ಮರಳಿದವನು ನೇರವಾಗಿ ಕಾಶೀನಾಥ ಉಸ್ತಾದರ ಮನೆಗೆ ಹೋದೆ. ಹದಿಮೂರನೇ ವಯಸ್ಸಿನಲ್ಲಿ ನನ್ನ ಕೈಗೆ ನಟ್ಟು ತಿರುಗಿಸುವ ಮೊದಲ ಪಾನಾ ಕೊಟ್ಟವರು ಅವರು. ದಾರಿಯುದ್ದಕ್ಕೂ ಅವರಲ್ಲ ಎಂದು ಹೇಳಿಕೊಳ್ಳುತ್ತಲೇ ಇದ್ದೆ.

“ರಶೀದ್, ಬಾ. ಯಾಕ ಮಾರಿ ಹಂಗ ಮಾಡಿದಿ? ಬೀವಿ ಬೈದಾಳೇನ?”

ನಾನು ಟೋಪಿಯನ್ನು ಅವರ ಅಂಗೈಯಲ್ಲಿಟ್ಟೆ. “ಭಾಲ್ಕಿ ಹಾಸ್ಟೆಲಿಂದು, ಉಸ್ತಾದ್.”

ಅವರು ಅದನ್ನು ಹೆಬ್ಬೆರಳಿನಿಂದ ಸವರಿದರು.

“ಹಿಂದಿನ ವಾರ್ಡನ್ ಕರ್ದಿದ್ರು. ಪರೀಕ್ಷಿ ಟೈಮ್, ಹುಡಿಗ್ಯಾರು ತಣ್ಣೀರಾಗ ಜಳಕ ಮಾಡ್ಲಿಕತ್ತಿದ್ರು. ಒರಿಜಿನಲ್ ಗ್ಯಾಸ್ ಅಂಗಡ್ಯಾಗ ಸಿಗಲಿಲ್ಲ. ರಜಿಸ್ಟರ್‌ನ್ಯಾಗ ಬರೀದ ಅಡಿಗಿ ಗ್ಯಾಸ್ ತುಂಬಿದೆ. ಎರಡ ದಿನದ ಮಾತು, ತೆಗದು ಹಾಕಿದ್ರಾತು ಅಂದ್ಕೊಂಡೆ. ಆಮೇಲ ಮೊಣಕಾಲು ಹಾಸಿಗಿ ಹಿಡಿಸ್ತು. ನಡೀತಲ್ಲ ಅದು ಇಷ್ಟ್ ದಿನ?”

“ನಾ ಟಾರ್ಚ್ ಹಚ್ಚಾಂವಿದ್ದೆ, ಉಸ್ತಾದ್.”

ಅವರ ಕೈಯಿಂದ ಟೋಪಿ ಜಾರಿ ನೆಲಕ್ಕೆ ಬಿತ್ತು.

ನನಗೆ ಬಂದಿದ್ದ ಸಿಟ್ಟು ಅಲ್ಲೇ ಇಳಿಯಿತು, ಅನುಮಾನ ಮಾತ್ರ ಇಳಿಯಲಿಲ್ಲ. ಒಂದು ಕಡೆ ಹಾಕಿದ ಕೈ ಇನ್ನೊಂದು ಕಡೆ ಹಾಕಿಲ್ಲವೆಂದು ಹೇಗೆ ನಂಬಲಿ? “ಮತ್ತ ಎಲ್ಲೆಲ್ಲಿ?” ಎಂದು ಕೇಳಿದೆ. ಉಸ್ತಾದರನ್ನು ಹಾಗೆ ಪೊಲೀಸರಂತೆ ಕೇಳಿದ್ದು ಅದೇ ಮೊದಲು.

“ಎಲ್ಲೂ ಇಲ್ಲ” ಎಂದರು. ನಾನು ಏಳಲಿಲ್ಲ. ಮುಂದಿಟ್ಟಿದ್ದ ಚಹಾ ಆರಿದ ಮೇಲೆ ಅವರೇ ಬಾಯಿಬಿಟ್ಟರು. “ಔರಾದ್ ಲಾಡ್ಜಿನ್ಯಾಗ ಒಂದು ಮಾಡೀನಿ. ಅದರಾಗ ಒರಿಜಿನಲ್ಲೇ ಹಾಕೀನಿ. ಹಾಂ, ಒರಿಜಿನಲ್ಲೇ.”

ಮರುದಿನ ಉಸ್ತಾದರು ನನ್ನ ಬೈಕಿನ ಹಿಂದೆ ಕುಳಿತು ಭಾಲ್ಕಿಗೆ ಬಂದರು. ಸುಮಿತ್ರಾಬಾಯಿಯ ಮುಂದೆ ರಜಿಸ್ಟರ್ ಎಳೆದುಕೊಂಡು, ಏನು ಹಾಕಿದೆನೆಂದು ಬರೆದು ಸಹಿ ಮಾಡಿದರು. ಬಾಯಿ ಎರಡು ಸಲ ಓದಿದರು. ನನ್ನ ಕಡೆ ನೋಡಲಿಲ್ಲ, ಆದರೆ ಚಹಾ ತರಿಸಿದರು. ಹೊತ್ತಿಕೊಳ್ಳುವ ಗ್ಯಾಸಿಗೆಂದೇ ಇರುವ ರಿಕವರಿ ಯಂತ್ರ ತರಿಸಿ, ಒಳಗಿದ್ದದ್ದನ್ನೆಲ್ಲ ಬೇರೆ ಸಿಲಿಂಡರಿಗೆ ತೆಗೆದು, ಹೊತ್ತಿಕೊಳ್ಳದ ನೈಟ್ರೋಜನ್ ಹಾಯಿಸಿದ ಮೇಲೆಯೇ ಟಾರ್ಚ್ ಹಚ್ಚಿದೆ.

ಆಮೇಲೆ ಔರಾದ್‌ಗೆ ಹೋದೆವು. ಕಲೆ ಬೀಳದ ಟೋಪಿಯೇ ಒಳ್ಳೆಯ ಕೆಲಸದ ಗುರುತು ಎಂದು ನಾನು ಅಷ್ಟು ವರ್ಷ ಜಂಬಪಟ್ಟಿದ್ದೆ. ಟೋಪಿ ಹೊರಗಿನದನ್ನಷ್ಟೇ ಹೇಳುತ್ತದೆ. ಒಳಗಿನದನ್ನು ಗೇಜ್ ಮತ್ತು ಥರ್ಮಾಮೀಟರ್ ಎರಡೂ ಕೂಡಿ ಹೇಳಬೇಕು. ಯಂತ್ರ ಬಿಚ್ಚಿದ ಕೈ ಎಷ್ಟೇ ಗುರುತಿನದಾಗಿರಲಿ. ಈ ಕಸುಬು ನನಗೆ ಕಲಿಸಿದ್ದು ಅದನ್ನೇ.

ಲಾಡ್ಜಿನ ಮಾಳಿಗೆಯ ಮೇಲೆ ಯಂತ್ರದ ಮುಂದೆ ನಿಂತು ಕೇಳಿದೆ, “ಇದರಾಗ ಖರೇನ ಹಾಕಿಲ್ಲೇನ್ರಿ, ಉಸ್ತಾದ್?”

ಅವರು ಜೇಬಿನಿಂದ ಬಟ್ಟೆಯ ಪಟ್ಟಿ ತೆಗೆದು ನನ್ನ ಕೈಗಿತ್ತರು.

“ಗೇಜ್ ಹಚ್ಚು. ನನ್ನ ಕೇಳಬ್ಯಾಡ.”