ಅರ್ಜಿಯ ಮೊದಲ ಹೆಸರು

ಮೊನ್ನೆ ನಮ್ಮ ಬಿಲ್ಡಿಂಗಿನ ನೀರಿನ ಸಂಪು ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿದ್ದರು. ಬೆಳಿಗ್ಗೆ ನಲ್ಲಿ ತಿರುಗಿಸಿದ್ದೇ ತಡ, ಘಾಟು ಮೂಗಿಗೆ ಬಡಿಯಿತು. ಮನೆಯವರೆಲ್ಲ ಸೆರಗು, ಟವೆಲಿನಿಂದ ಮೂಗು ಮುಚ್ಚಿಕೊಂಡು ಗೊಣಗಿದರು. ನಾನು ಮಾತ್ರ ಬಕೆಟ್ಟಿನ ಮುಂದೆ ಸುಮ್ಮನೆ ನಿಂತುಬಿಟ್ಟೆ. ಅದು ಕಾಕು ಅವರ ಕೈಯ ವಾಸನೆ...

ಕಾಕು ಅಂದರೆ ನನಗೆ ಸ್ವಂತ ಚಿಕ್ಕಮ್ಮನೇನಲ್ಲ. ಡಿಗ್ರಿ ಎರಡನೇ ವರ್ಷದ ಬೇಸಿಗೆಯಲ್ಲಿ ನಾನು ಬೀದರಿನ ಹೊರಗಿದ್ದ ಒಂದು ವಾಟರ್ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದ್ದೆ. ಭಾಲ್ಕಿಯಿಂದ ದಿನಾ ಬೆಳಗಿನ ರೈಲಿಗೆ ಹೋಗಿ ಬರುವುದು. ನೀರಿಗಿಳಿಯುವವರಿಗೆ ಬಾಡಿಗೆಗೆ ನೈಲಾನ್ ಬಟ್ಟೆ ಕೊಡುವ ಕೌಂಟರ್ ನನ್ನದು. ಕೌಂಟರಿನ ಹಿಂದೆ ತಗಡಿನ ಶೆಡ್ಡು. ಅಲ್ಲಿ ನಾಲ್ವರು ಹೆಂಗಸರು ಆ ಒದ್ದೆ ಬಟ್ಟೆಗಳನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿ ತೆಗೆದು, ಒಗೆದು, ಒಣಹಾಕಿ ಮತ್ತೆ ನನ್ನ ಕೈಗೆ ಕೊಡಬೇಕು. ಅವರಲ್ಲಿ ಹಿರಿಯರು ಕಾಕು. ಸಂತಪುರದಿಂದ ಬಸ್ಸಿಗೆ ಬರುತ್ತಿದ್ದರು. ಉಳಿದವರು ಹಾಗೆ ಕರೆಯುತ್ತಿದ್ದರು ಅಂತ ನಾನೂ ಕಾಕು ಅಂದೆ.

ಒಳಗೆ ಜನ ಕೇಕೆ ಹಾಕಿಕೊಂಡು ಜಾರುವುದು, ನಗುವುದು. ಹೊರಗೆ ನಮ್ಮ ಕಥೆಯೇ ಬೇರೆ. ಮಾರ್ಚಿನಿಂದ ಮೊದಲ ಮಳೆ ಬೀಳುವವರೆಗಷ್ಟೇ ಕೆಲಸ. ದಿನಗೂಲಿ, ವಾರದ ರಜೆ ಇಲ್ಲ. ಕರೆಂಟು ಹೋಗಿ ಪಾರ್ಕ್ ಮುಚ್ಚಿದ ದಿನ ಪಗಾರವೂ ಇಲ್ಲ. ಸಂಜೆ ಗೇಟು ಹಾಕುವ ಮೊದಲು ಹೊರಟರೆ ಅರ್ಧ ದಿನ ಕಟ್. ಮೊದಲ ಹದಿನೈದು ದಿನದ ಪಗಾರವನ್ನು ಹಿಡಿದಿಟ್ಟುಕೊಳ್ಳುತ್ತಿದ್ದರು, ಸೀಜನ್ ಮುಗಿಯುವವರೆಗೆ ಇದ್ದವರಿಗಷ್ಟೇ ಅದು ಸಿಗುತ್ತಿತ್ತು. ಇನ್ನು ಕೂತುಕೊಳ್ಳುವ ಮಾತೇ ಇಲ್ಲ. ಗಿರಾಕಿಗಳ ಎದುರು ಕೂತರೆ ಚೆಂದ ಕಾಣುವುದಿಲ್ಲವಂತೆ! ಶೆಡ್ಡಿನಲ್ಲಿ ಯಾವ ಗಿರಾಕಿ ಬಂದು ನೋಡುತ್ತಿದ್ದ, ಆ ಪುಣ್ಯಾತ್ಮ ಮ್ಯಾನೇಜರನಿಗೇ ಗೊತ್ತು.

ಕಾಕುಗೆ ಆ ಕೆಲಸ ಬೇಕೇ ಬೇಕಾಗಿತ್ತು. ಮನೆಯ ಮೇಲಿನ ತಗಡಿನ ಪತ್ರಾ ತೂತುಬಿದ್ದು ಹಿಂದಿನ ಮಳೆಗಾಲವೆಲ್ಲ ಪಾತ್ರೆ ಇಟ್ಟು ಕಳೆದಿದ್ದರು. "ಈ ಸೀಜನ್ ಮುಗೀತಂದ್ರ ಹೊಸಾ ಪತ್ರಾ ಹಾಕಸ್ತೇನಿ ನೋಡು ತಂಗಿ" ಎಂದು ದಿನಕ್ಕೆ ಒಂದು ಸಲವಾದರೂ ಹೇಳುತ್ತಿದ್ದರು. ಎಷ್ಟು ಹಾಳೆ ಬೇಕು, ಯಾವ ಅಂಗಡಿಯಲ್ಲಿ ತರುವುದು, ಎಲ್ಲ ಲೆಕ್ಕ ಬಾಯಿಗೆ ಬಂದಿತ್ತು.

ಏಪ್ರಿಲ್ ಬರುವಷ್ಟರಲ್ಲಿ ಅವರ ಬೆರಳುಗಳ ತೊಗಲು ಸುಲಿಯಲು ಶುರುವಾಯಿತು. ರಬ್ಬರ್ ಗ್ಲೌಸ್ ಕೇಳಿದರೆ ಮ್ಯಾನೇಜರ್ ನಕ್ಕು "ಮುಂದಿನ ವಾರ ಬರ್ತಾವ್ರಿ ತಾಯಿ" ಅನ್ನುತ್ತಿದ್ದ. ಆ ಮುಂದಿನ ವಾರ ಬರಲೇ ಇಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕಾಕು ತಮ್ಮ ಬುತ್ತಿಯನ್ನು ನನ್ನ ಕಡೆ ಸರಿಸಿದರು.

"ರೊಟ್ಟಿ ಸ್ವಲ್ಪ ಮುರದು ಕೊಡು ತಂಗಿ. ಖಾರ ತಾಗಿದ್ರ ಕೈ ಭಗಭಗ ಉರೀತಾವ."

ಖಡಕ್ ರೊಟ್ಟಿ. ನಾನು ಮುರಿದು, ಪುಂಡಿ ಪಲ್ಯ ಹಚ್ಚಿ ತುಂಡು ತುಂಡಾಗಿ ಕೊಟ್ಟೆ. ಅವರು ಎರಡು ಬೆರಳ ತುದಿಯಲ್ಲಿ ಹಿಡಿದು ತಿಂದರು. ಆಮೇಲೆ ದಿನಾ ಅದೇ ಪದ್ಧತಿಯಾಯಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೊದಲೇ ನನ್ನದು ಸಿಡುಕು ಸ್ವಭಾವ, ಜೊತೆಗೆ ಕಾಲೇಜು ಓದುವ ಹುಡುಗಿ ಎಂಬ ಜಂಭ. "ಬಾಯಿಲೆ ಕೇಳಿದ್ರ ಏನೂ ಆಗೂದಿಲ್ರಿ ಕಾಕು, ಅರ್ಜಿ ಬರೀತೇನಿ" ಅಂದೆ.

ಬರೆದೆ. ಗ್ಲೌಸ್ ಕೊಡಬೇಕು, ಕೂರಲು ಎರಡು ಸ್ಟೂಲ್ ಇಡಬೇಕು, ಸಂತಪುರದ ಮೇಲೆ ಹೋಗುವ ಔರಾದ ಬಸ್ಸು ಸಿಗುವ ಹೊತ್ತಿಗೆ ಹೊರಟವರ ಪಗಾರ ಕಡಿಯಬಾರದು. ಮೂರೇ ಮಾತು. ಕೆಳಗೆ ಐದು ಹೆಸರು. ಹೆಸರು ಬರೆಯುವಾಗ ನಾನೇನೂ ಯೋಚಿಸಲಿಲ್ಲ. ನಮ್ಮಲ್ಲಿ ಲಗ್ನಪತ್ರಿಕೆ ಬರೆಸುವಾಗ ಮನೆಯ ಹಿರಿಯರ ಹೆಸರು ಮೇಲೆ, ಸಣ್ಣ ಮಕ್ಕಳದು ಕೆಳಗೆ. ಕೈ ತಾನಾಗಿಯೇ ಹಾಗೆ ಓಡಿತು. ಕಾಕು ಹೆಸರು ಮೊದಲು, ನನ್ನದು ಎಲ್ಲಕ್ಕಿಂತ ಕೊನೆಗೆ. ಹೆಬ್ಬೆಟ್ಟು ಒತ್ತುವಾಗ ಕಾಕು ಕೇಳಿದರು, ತಮ್ಮ ಹೆಸರು ಎಲ್ಲಿದೆ ಎಂದು. ತೋರಿಸಿದೆ.

"ಎಲ್ಲಾರಕಿಂತ ಮ್ಯಾಲ ನಂದಾ?" ಅವರ ಮುಖ ಅರಳಿತು. "ಇಷ್ಟು ವಯಸ್ಸಾತು, ಯಾವ ಕಾಗದದಾಗೂ ನನ್ನ ಹೆಸರು ಮೊದಲ ಬಂದಿದ್ದಿಲ್ಲ ನೋಡು."

ಬಸ್ ಸ್ಟ್ಯಾಂಡ್ ಹತ್ತಿರ ಎರಡು ಝೆರಾಕ್ಸ್ ಮಾಡಿಸಿದ್ದೆ. ಒಂದನ್ನು ಅವರೇ ಕೇಳಿ ಇಸಿದುಕೊಂಡು, ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡರು. ಅರ್ಜಿಯನ್ನು ಸಂಜೆ ಮ್ಯಾನೇಜರನ ಮೇಜಿನ ಮೇಲೆ ಇಟ್ಟು ಬಂದೆವು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಐದೂ ಜನರನ್ನು ಕರೆಸಿದ. ಅರ್ಜಿ ಅವನ ಕೈಯಲ್ಲಿತ್ತು. ದನಿ ಏರಿಸಲಿಲ್ಲ.

"ಇದಕ್ಕ ಮುಂದಾಳು ಯಾರಂತ ಕೇಳೂದೇ ಬ್ಯಾಡ. ಮೊದಲನೇ ಹೆಸರು ನಿಮ್ಮದೇ ಅದ. ನಾಳಿಂದ ನೀವು ಬರಬ್ಯಾಡ್ರಿ ತಾಯಿ."

ಅಕ್ಷರ ಯಾರದು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮ್ಯಾನೇಜರನಿಗೂ ಗೊತ್ತಿದ್ದೀತು, ಕೌಂಟರಿನ ರಿಜಿಸ್ಟರ್ ಬರೆಯುತ್ತಿದ್ದವಳು ನಾನೇ ತಾನೆ? ಕೌಂಟರಿಗೆ ಓದು ಬರಹ ಬಲ್ಲವಳು ಬೇಕಾಗಿದ್ದಳೋ ಏನೋ... "ನಾನೇ ಬರೆದದ್ದು" ಎಂಬ ಒಂದು ಮಾತು ಸಾಕಾಗಿತ್ತು. ಊರಿಗೆಲ್ಲ ಉತ್ತರ ಕೊಡುತ್ತಿದ್ದ ನಾನು ಅಂದು ಅದನ್ನು ಆಡಲಿಲ್ಲ. ಪರೀಕ್ಷೆಯ ಫೀಸು ಕಣ್ಣ ಮುಂದೆ ಬಂತು. ಕಾಕು ನನ್ನ ಕಡೆ ಒಮ್ಮೆ ನೋಡಿದರು.

"ಹೌದ್ರಿ ಸಾಹೇಬ್ರ, ನಾನೇ ಬರಸೀನ್ರಿ" ಅಂದರು.

ಅಷ್ಟೇ. ಬುತ್ತಿ ಚೀಲ ತೆಗೆದುಕೊಂಡು ಹೋದರು. ಹಿಡಿದಿಟ್ಟ ಹದಿನೈದು ದಿನದ ಪಗಾರವೂ ಹೋಯಿತು. ಗೇಟಿನವರೆಗೆ ಹೋಗಲೂ ನನಗೆ ಮುಖವಿರಲಿಲ್ಲ. ಐದಾರು ದಿನದಲ್ಲಿ ಶೆಡ್ಡಿಗೆ ಕೇಸರಿ ಬಣ್ಣದ ಗ್ಲೌಸ್ ಬಂದವು, ಮೂರು ಜೊತೆ. ಅವನ್ನು ನೋಡಿ ನಾನು ಬಟ್ಟೆ ರಾಶಿಯ ಹಿಂದೆ ಕೂತು ಅತ್ತೆ. ಆದರೂ ಸೀಜನ್ ಮುಗಿಯುವವರೆಗೆ ಕೆಲಸ ಮಾಡಿದೆ, ನನ್ನ ಹದಿನೈದು ದಿನದ ಪಗಾರ ತೆಗೆದುಕೊಂಡೇ ಬಂದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ನೌಕರಿ, ಮದುವೆ, ಬೀದರಿನಲ್ಲಿ ಮನೆ... ಹೋಗಿ ಕ್ಷಮೆ ಕೇಳಬೇಕು ಅಂತ ಎಷ್ಟು ಸಲ ಅಂದುಕೊಂಡೆನೋ. ಕಳೆದ ವರ್ಷ ಆಫೀಸಿನ ಕೆಲಸಕ್ಕೆ ಔರಾದಿಗೆ ಹೋದವಳು, ಬರುವಾಗ ಗಟ್ಟಿ ಮನಸ್ಸು ಮಾಡಿ ಸಂತಪುರದಲ್ಲಿ ಇಳಿದೆ. ಕೇಳುತ್ತ ಹೋಗಿ ಮನೆ ಹುಡುಕಿದೆ. ಅರ್ಧ ಮನೆಗೆ ಹೊಸ ಪತ್ರಾ, ಅರ್ಧಕ್ಕೆ ತುಕ್ಕು ಹಿಡಿದ ಹಳೆಯದು. ಬಾಗಿಲಿಗೆ ಬಂದ ಸೊಸೆ, "ಅತ್ತಿ ಹ್ವಾದ ದೀಪಾವಳಿ ಮುಂದ ತೀರಿಕೊಂಡ್ರು" ಅಂದಳು. ತಡವಾಯಿತು. ಪಾರ್ಕಿನಲ್ಲಿ ಅವರ ಜೊತೆ ಕೆಲಸಕ್ಕಿದ್ದೆ ಎಂದೆ. ಅವಳು ಒಳಗೆ ಹೋಗಿ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದಳು. ಅದರಲ್ಲಿ ಆ ಝೆರಾಕ್ಸ್.

"ಬಂದವ್ರಿಗೆಲ್ಲಾ ತೋರಸ್ತಿದ್ರು ನೋಡ್ರಿ, ನನ್ನ ಹೆಸರು ಮೊದಲ ಅದ ಅಂತ. ಇದರಾಗ ನಿಮ್ಮ ಹೆಸರು ಯಾವುದ್ರಿ?"

"ಕೊನೇದು" ಅಂದೆ.

"ಹೌದೇನ್ರಿ! ರೊಟ್ಟಿ ಮುರದು ಕೊಡ್ತಿದ್ದ ಹುಡುಗಿ ನೀವೇನ್ರಿ? ಅತ್ತಿ ಭಾಳ ನೆನಸ್ತಿದ್ರು."

ನಾನು ಬಾಯಿ ಮುಚ್ಚಿಕೊಂಡು ನಿಂತದ್ದನ್ನು ಕಾಕು ಮನೆಯಲ್ಲಿ ಹೇಳಿರಲೇ ಇಲ್ಲ. ಅಂದು ಸೊಸೆಯ ಮುಂದೆ ನಾನೇ ಹೇಳಿದೆ, ಪೂರ್ತಿ. ಅವಳು ಕೇಳಿಸಿಕೊಂಡಳು. ಆಮೇಲೆ ಕಾಗದವನ್ನು ಮೊದಲಿನಂತೆಯೇ ಮಡಚಿ, ಟ್ರಂಕಿನಲ್ಲಿಟ್ಟು ಬಂದು, ಚಹಾಕ್ಕಿಟ್ಟಳು.

ಮೊನ್ನೆ ಬಕೆಟ್ಟಿನ ಆ ನೀರಿನಲ್ಲೇ ಬಟ್ಟೆ ಒಗೆದೆ. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಕೈಯಲ್ಲಿ ಘಾಟು ಉಳಿದಿತ್ತು. ರೊಟ್ಟಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಪಲ್ಯ ಹಚ್ಚಿ, ತಾಟಿನ ಅಂಚಿಗೆ ಸಾಲಾಗಿ ಇಡುತ್ತ ಹೋಗಿದ್ದೆ. ಯಾರಿಗೆ ಅಂತ ಮಗಳು ಕೇಳಿದಾಗಲೇ ನನಗೆ ಎಚ್ಚರವಾದದ್ದು.