ಚಿಕ್ಕಪ್ಪನಿಗಾಗಿ ತೆರೆದಿಟ್ಟ ಬಾಗಿಲು

ಮೊನ್ನೆ ಶಿವಮೊಗ್ಗದ ವಿನೋಬನಗರದ ಬಟ್ಟೆ ಅಂಗಡಿಯಲ್ಲಿ ಬಿಳಿ ಪಾಪ್ಲಿನ್ ಥಾನು ಬಿಚ್ಚಿ ನನ್ನ ಮುಂದೆ ಹರವಿದರು. ನೀರು ಮುಟ್ಟದ ಬಟ್ಟೆಯ ಗಂಜಿ ವಾಸನೆ... ಏನೂ ಕೊಳ್ಳದೆ ಎದ್ದು ಬಂದೆ. ಆ ವಾಸನೆಗೆ ನನ್ನ ಮಟ್ಟಿಗೆ ಒಬ್ಬ ಮನುಷ್ಯನ ಎದೆ, ತೋಳು, ಕೊರಳಿನ ಅಳತೆ ಇದೆ.

ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ವಾಯುಸೇನೆಯಲ್ಲಿದ್ದರು. ಸಾಮಾನು ಸಾಗಿಸುವ ವಿಮಾನದಲ್ಲಿ ರೇಡಿಯೋ ನೋಡಿಕೊಳ್ಳುವ ಕೆಲಸ. ನಾವು ಭದ್ರಾವತಿಯಲ್ಲಿ, ಅಪ್ಪ ದುಡಿಯುತ್ತಿದ್ದ ಕಬ್ಬಿಣದ ಕಾರ್ಖಾನೆ ಕೊಟ್ಟ ಮನೆಯಲ್ಲಿದ್ದೆವು. ಆ ಮನೆಯ ಮುಂಬಾಗಿಲು ಮಳೆಗೆ ಉಬ್ಬಿ ನೆಲ ಹಿಡಿಯುತ್ತಿತ್ತು. ಹೆಗಲು ಕೊಟ್ಟು ತಳ್ಳದೆ ಮುಚ್ಚುತ್ತಿರಲಿಲ್ಲ, ಹಾಗಾಗಿ ಹಗಲೆಲ್ಲ ತೆರೆದೇ ಇರುತ್ತಿತ್ತು. ರಜೆಗೆ ಬಂದಾಗ ಚಿಕ್ಕಪ್ಪ ಮಾತ್ರ ಒಳಗೆ ಕಾಲಿಟ್ಟವರೇ ತಿರುಗಿ ನಿಂತು ಅದನ್ನು ಮುಚ್ಚುತ್ತಿದ್ದರು.

“ಸೆಕೆ ಕಣೋ, ತೆಗಿಯೋ,” ಎನ್ನುತ್ತಿದ್ದಳು ಅಜ್ಜಿ.

“ಅಭ್ಯಾಸ ಆಗ್ಹೋಗಿದೆ ಕಣವ್ವ. ನಮ್ಮ ವಿಮಾನದಲ್ಲಿ ಹಾಕ್ದೇ ಬಿಟ್ರೆ ನಿನ್ನ ಮಗ ಬಿದ್ದೇ ಹೋಗ್ತಾನೆ.”

ಕೊನೆಯ ಸಲ ಹೊರಡುವಾಗ ನನ್ನ ಕಿವಿ ಹಿಡಿದು, “ಮ್ಯಾಟ್ರಿಕ್ ಮುಗಿಸ್ಕೊಂಡು ಕಾರ್ಖಾನೆ ಗೇಟಲ್ಲಿ ಹೋಗಿ ನಿಂತ್ಯೋ, ಕಾಲು ಮುರೀತೀನಿ. ಕಾಲೇಜು ಮೆಟ್ಲು ಹತ್ತು ಮಾರಾಯ,” ಎಂದಿದ್ದರು.

ಚೀನಾ ಯುದ್ಧದಲ್ಲಿ ಅವರ ವಿಮಾನ ಹಿಮದ ಬೆಟ್ಟಗಳ ಕಡೆ ಹೋದದ್ದು ವಾಪಸಾಗಲಿಲ್ಲ. ಹುಡುಕಿದರೂ ಸಿಗಲಿಲ್ಲ, ಸತ್ತಿದ್ದಾರೆಂದೇ ತಿಳಿಯಬೇಕು ಎಂದು ಸರ್ಕಾರ ಬರೆಯಿತು. ಅಜ್ಜಿ ಮಾತ್ರ ಹಾಗೆ ತಿಳಿಯಲಿಲ್ಲ. ಅಳಲೂ ಇಲ್ಲ.

ಮುಂದಿನ ವರ್ಷ ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಸಂಜೆ ಹೊತ್ತು ಸತ್ತ ಹಿರಿಯರಿಗೆ ಎಲೆ ಹಾಕಿ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತೇವೆ. ಬದುಕಿದವರು ನೋಡುತ್ತಿದ್ದರೆ ಅವರು ಉಣ್ಣುವುದಿಲ್ಲ.

“ಎಲ್ಲರಿಗೂ ಇಟ್ಟು ಅವನೊಬ್ಬನ್ನ ಹಸಿದು ಕಳಿಸ್ತೀಯೇನವ್ವ?” ಎಂದರು ಅಪ್ಪ.

“ಹೆಣ ತೋರ್ಸು. ಇಡ್ತೀನಿ.”

ಅಪ್ಪ ಕುಲುಮೆ ಮುಂದೆ ದುಡಿದು ಬಂದ ಮನುಷ್ಯ, ಅಲ್ಲೇ ಗೋಡೆಗೆ ತಲೆಯಾನಿಸಿ ಕೂತುಬಿಟ್ಟರು. ಅವರನ್ನು ನೋಡಿ ಅಜ್ಜಿಯೇ ಹೇಳಿದಳು: “ಇಡೋಣ. ಆದ್ರೆ ಬಾಗಿಲು ಹಾಕ್ಬೇಡಿ. ಬಾಗಿಲು ಹಾಕೋದು ಸತ್ತೋರಿಗೆ. ಬದುಕಿದ್ರೆ ನೆಟ್ಟಗೆ ನಡ್ಕೊಂಡು ಬಂದು ಉಣ್ತಾನೆ.”

ಬಿಳಿ ಪಾಪ್ಲಿನ್ ಅಂಗಿ ಹೊಲಿಸಲು ಅವಳನ್ನು ಶಿವಮೊಗ್ಗಕ್ಕೆ ಕರೆದೊಯ್ದವನು ನಾನು. ಚಿಕ್ಕಪ್ಪನ ಮೊದಲ ಪ್ಯಾಂಟು, ಅಂಗಿ ಹೊಲಿದಿದ್ದ ಸಾಬರ ಅಂಗಡಿ. ಸಾಬರು ಟೇಪು ಕೊರಳಿಗೆ ಹಾಕಿಕೊಂಡು, “ಅಳತೆ ಕೊಡೋರು ಎಲ್ಲಮ್ಮಾ?” ಎಂದರು.

“ಹಳೇ ಅಳತೇಲೇ ಹೊಲಿಯಪ್ಪ. ಎದೆ ಒಂದು ಬೆರಳು ಸಡಿಲ ಬಿಡು. ಮಿಲಿಟ್ರಿ ಊಟ, ಊದಿರ್ತಾನೆ.”

ಸಾಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. “ಬಿಡ್ತೀನಮ್ಮಾ,” ಎಂದರು.

ಅಮಾವಾಸ್ಯೆಯ ಸಂಜೆ ಎಲೆ ಹಾಕಿ, ಅಂಗಿ ಇಟ್ಟು, ಬಾಗಿಲು ಪೂರ್ತಿ ತೆರೆದು, ಅದಕ್ಕೆ ಬೆನ್ನು ಮಾಡಿ ಜಗಲಿಯಲ್ಲಿ ಕೂತೆವು. ಕಾರ್ಖಾನೆಯಲ್ಲಿ ಕುಲುಮೆಯ ಕಾದ ಕಿಟ್ಟ ಸುರಿದು ಆಕಾಶ ಕೆಂಪಾಯಿತು, ಆರಿತು. ಅಂಗಳದ ಬಾಳೆಯ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆಗ ಬೆನ್ನ ಹಿಂದೆ ಮರ ನೆಲವನ್ನು ಉಜ್ಜುವ ಸದ್ದು... ನಿಧಾನವಾಗಿ. ನಡುವೆ ಒಮ್ಮೆ ನಿಂತಿತು, ಚಿಕ್ಕಪ್ಪ ಹೆಗಲು ಬದಲಿಸಲು ನಿಲ್ಲುತ್ತಿದ್ದ ಹಾಗೆ. ಮತ್ತೆ ಮುಂದುವರಿದು, ಬಾಗಿಲು ಚೌಕಟ್ಟಿಗೆ ಕೂತಿತು.

ಯಾರೂ ತಿರುಗಲಿಲ್ಲ. ಅಪ್ಪ ನನ್ನ ಮಂಡಿ ಹಿಡಿದುಕೊಂಡರು.

“ಬಾಗಿಲು ಹಾಕ್ಕೊಂಡ,” ಎಂದಳು ಅಜ್ಜಿ. “ಉಣ್ಲಿ. ಯಾರೂ ತಟ್ಬೇಡಿ.” ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆ ವರ್ಷವೆಲ್ಲ ಕಟ್ಟಿಟ್ಟಿದ್ದ ಅಳು.

ಅಪ್ಪನೂ ನಾನೂ ಹೆಗಲು ಕೊಟ್ಟು ಬಾಗಿಲು ತೆರೆದೆವು. ಎಲೆಯ ಮೇಲಿನದು ಹಾಗೇ ಇತ್ತು, ದೀಪ ನೆಟ್ಟಗೆ ಉರಿಯುತ್ತಿತ್ತು. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು.

ಹಿರಿಯರಿಗಿಟ್ಟ ಬಟ್ಟೆಯನ್ನು ಮನೆಯವರು ಉಡುವುದು ರೂಢಿ. ಆ ಅಂಗಿ ನನಗೆ ಬಂತು. ಅದನ್ನೇ ತೊಟ್ಟು ರೈಲು ಹತ್ತಿ ಶಿವಮೊಗ್ಗದ ಕಾಲೇಜಿಗೆ ಹೋದೆ. ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಕಂಡ ಮೊದಲನೆಯವನು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ಎಷ್ಟು ಕಷ್ಟಪಟ್ಟೆ ಅಂತ ನನಗೆ ಗೊತ್ತು. ಅಂಗಿಯ ಎದೆ ಮಾತ್ರ ಪದವಿ ಕೈಗೆ ಬರುವ ಹೊತ್ತಿಗೂ ಒಂದು ಬೆರಳು ಸಡಿಲವೇ ಇತ್ತು. ಭೌತಶಾಸ್ತ್ರ ಓದಿದ ಮೇಲೆ ರಜೆಯಲ್ಲಿ ಆ ಬಾಗಿಲನ್ನು ಎಷ್ಟೋ ಸಲ ತೆರೆದಿಟ್ಟು, ತಾನಾಗಿ ಮುಚ್ಚೀತೇ ಎಂದು ಕಾದೆ. ಮಳೆಗಾಲದಲ್ಲೂ ಕಾದೆ, ಬೇಸಿಗೆಯಲ್ಲೂ. ಅದು ಇಟ್ಟಲ್ಲೇ ಇರುತ್ತಿತ್ತು.

ಅಜ್ಜಿ, ಅಪ್ಪ ಇಬ್ಬರೂ ತೀರಿಕೊಂಡು, ಈಗ ಎಲೆಗೆ ಬರುವ ಹಿರಿಯರ ಸಾಲು ಸೇರಿದ್ದಾರೆ. ಮೂವರಿಗೂ ನಾನೇ ಬಡಿಸುತ್ತೇನೆ. ಬಾಗಿಲನ್ನು ಇಂದಿಗೂ ತೆರೆದೇ ಇಡುತ್ತೇನೆ. ಆದರೆ ಈ ಹೊಸ ಮನೆಯ ಬಾಗಿಲು ಹಗುರ, ಕೀಲು ನಯ; ಬೀದಿಯಲ್ಲಿ ಲಾರಿ ಹೋದರೂ ತಾನೇ ಮುಚ್ಚಿಕೊಳ್ಳುತ್ತದೆ. ಬೆನ್ನ ಹಿಂದೆ ಅದು ಮುಚ್ಚಿದ ಸದ್ದು ಪ್ರತಿ ವರ್ಷವೂ ಕೇಳುತ್ತದೆ... ಚಿಕ್ಕಪ್ಪನೋ, ಗಾಳಿಯೋ, ತಿಳಿಯುವುದಿಲ್ಲ.